ಎರಡು ಲೋಹ ಸೇರುವ ಕಡೆ ಯಾವ ಬೋಲ್ಟು, ಯಾವ ಸ್ಕ್ರೂ? ತುಕ್ಕು ತಡೆಯುವ ಸಮಗ್ರ ಮಾರ್ಗದರ್ಶಿ

ಅಲ್ಯೂಮಿನಿಯಂ ಶೀಟಿಗೆ ಹಾಕಿದ ಸ್ಟೇನ್‌ಲೆಸ್ ಸ್ಕ್ರೂ ಹೊಸದರಂತೆಯೇ ಹೊಳೆಯುತ್ತಿರುತ್ತದೆ, ಅದರ ಸುತ್ತಲಿನ ಶೀಟು ಮಾತ್ರ ಬಿಳಿ ಪುಡಿಯಾಗಿ ಉದುರುತ್ತದೆ. ತಾಮ್ರದ ತಗಡಿಗೆ ಹೊಡೆದ ಕಬ್ಬಿಣದ ಮೊಳೆ ಕುತ್ತಿಗೆಯಲ್ಲೇ ಕರಗಿ ತಲೆ ಉದುರುತ್ತದೆ, ತಗಡಿಗೆ ಏನೂ ಆಗಿರುವುದಿಲ್ಲ. ಇಂಥ ಕಡೆ ಹೆಚ್ಚಿನವರು ಹಳೆಯದನ್ನು ಕಿತ್ತು ಇನ್ನೂ ದಪ್ಪದ, ಇನ್ನೂ ಗಟ್ಟಿಯ ಸ್ಕ್ರೂ ಹಾಕುತ್ತಾರೆ, ಇಲ್ಲವೇ ತಲೆಯ ಕೆಳಗೊಂದು ರಬ್ಬರ್ ವಾಷರ್ ಸೇರಿಸುತ್ತಾರೆ. ಎರಡರಿಂದಲೂ ತೊಂದರೆ ನಿಲ್ಲುವುದಿಲ್ಲ, ಏಕೆಂದರೆ ಆರಿಸುವ ಕ್ರಮವೇ ತಲೆಕೆಳಗಾಗಿರುತ್ತದೆ. ಮೊದಲು ನೋಡಬೇಕಾದದ್ದು ನೀರು. ಆಮೇಲೆ ಲೋಹಗಳ ಪಟ್ಟಿ, ಆಮೇಲೆ ಯಾವುದರ ಮೈ ಎಷ್ಟು ದೊಡ್ಡದು ಎಂಬ ಲೆಕ್ಕ. ಬೋಲ್ಟಿನ ಆಯ್ಕೆ ಬರುವುದು ಇವಿಷ್ಟೂ ಆದ ಮೇಲೆ.

ಈ ಸವೆತಕ್ಕೆ ಮೂರು ಸಂಗತಿ ಒಟ್ಟಿಗೆ ಬೇಕು: ಬೇರೆ ಬೇರೆ ಗುಣದ ಎರಡು ಲೋಹ, ಅವುಗಳ ನಡುವೆ ವಿದ್ಯುತ್ ಹರಿಯುವಂಥ ಸಂಪರ್ಕ, ಎರಡನ್ನೂ ಸೇರಿಸಿ ತೋಯಿಸುವ ನೀರು. ಮೂರೂ ಕೂಡಿದಾಗ ಒಂದು ಲೋಹ ಕರಗುತ್ತಾ ಹೋಗುತ್ತದೆ, ಇನ್ನೊಂದು ಅದರ ಖರ್ಚಿನಲ್ಲಿ ಉಳಿದುಕೊಳ್ಳುತ್ತದೆ. ಮುಂದೆ ಇವನ್ನು ಸವೆಯುವ ಲೋಹ, ಉಳಿಯುವ ಲೋಹ ಎಂದೇ ಕರೆಯೋಣ. ಮೂರರಲ್ಲಿ ಯಾವುದಾದರೂ ಒಂದನ್ನು ಪೂರ್ತಿಯಾಗಿ ತಪ್ಪಿಸಿದರೆ ಸವೆತ ನಿಲ್ಲುತ್ತದೆ. ಅರ್ಧಂಬರ್ಧ ತಪ್ಪಿಸಿದರೆ ನಿಲ್ಲುವುದಿಲ್ಲ.

ಬೇಕಾದ ಸಾಮಾನು

ಮಲ್ಟಿಮೀಟರ್, ಅಯಸ್ಕಾಂತ, ಟಾರ್ಕ್ ರೆಂಚ್, ಹರಿತವಾದ ಡ್ರಿಲ್ ಬಿಟ್‌ಗಳು, ತೂತಿನ ಅಂಚು ನಯಗೊಳಿಸುವ ಉಪಕರಣ, ಸ್ಟೇನ್‌ಲೆಸ್ ಅಥವಾ ನೈಲಾನ್ ಬ್ರಷ್. ಇವುಗಳ ಜೊತೆಗೆ ವಿದ್ಯುತ್ ಹರಿಯದ ವಾಷರ್ ಮತ್ತು ಸ್ಲೀವ್ (ಬೋಲ್ಟಿನ ಮೈಗೆ ತೊಡಿಸುವ ಕೊಳವೆ), ನ್ಯೂಟ್ರಲ್ ಕ್ಯೂರ್ ಸೀಲಂಟ್, ಸತುವಿನ ಅಂಶ ಹೆಚ್ಚಿರುವ ಪೇಂಟ್. ಲೇಪನದ ದಪ್ಪ ಅಳೆಯುವ ಗೇಜ್ ಇದ್ದರೆ ಒಳ್ಳೆಯದು. ದೊಡ್ಡ ಕೆಲಸವಾದರೆ ಅದು ಇರಲೇಬೇಕು.

ಹಂತ 1: ಜಾಗ ಎಷ್ಟು ಒದ್ದೆ, ಎಷ್ಟು ಉಪ್ಪು ಎಂದು ನೋಡಿ

ಸದಾ ಒಣಗಿರುವ ಕೋಣೆಯೊಳಗೆ ತಾಮ್ರ ಮತ್ತು ಅಲ್ಯೂಮಿನಿಯಂ ಒಂದಕ್ಕೊಂದು ತಾಗಿ ವರ್ಷಗಟ್ಟಲೆ ಇದ್ದರೂ ಏನೂ ಆಗದಿರಬಹುದು. ಅದೇ ಜೋಡಿ ಮಳೆ ಬೀಳುವ ಕಡೆ ಬೇಗ ಹಾಳಾಗುತ್ತದೆ. ಆದ್ದರಿಂದ ಮೊದಲ ಪ್ರಶ್ನೆ ಲೋಹದ ಬಗ್ಗೆ ಅಲ್ಲ, ತೇವದ ಬಗ್ಗೆ.

ಐಎಸ್‌ಒ 9223 ಮಾನದಂಡ ಗಾಳಿಯ ಕೊರೆತವನ್ನು ಸಿ1ರಿಂದ ಸಿ5ರವರೆಗೆ, ಅದರಾಚೆಗೆ ಸಿಎಕ್ಸ್ ಎಂದು ವಿಂಗಡಿಸುತ್ತದೆ. ಒಂದು ವರ್ಷದಲ್ಲಿ ಸತುವಿನ ಪದರ ಎಷ್ಟು ಸವೆಯುತ್ತದೆ ಎಂಬುದು ಇದರ ಒಂದು ಅಳತೆಗೋಲು. ಸಿ2ರಲ್ಲಿ 0.1ರಿಂದ 0.7 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು), ಸಿ3ರಲ್ಲಿ 0.7ರಿಂದ 2.1, ಸಿ4ರಲ್ಲಿ 2.1ರಿಂದ 4.2, ಸಿ5ರಲ್ಲಿ 4.2ರಿಂದ 8.4. ಸಿಎಕ್ಸ್‌ನಲ್ಲಿ ಇದು 25 ಮೈಕ್ರಾನ್‌ವರೆಗೂ ಹೋಗುತ್ತದೆ.

ಈ ಅಂಕಿಗಳನ್ನು ನಿಮ್ಮ ಕೈಯಲ್ಲಿರುವ ಸ್ಕ್ರೂಗೆ ಹೊಂದಿಸಿ ನೋಡಿ. ಹೊಳೆಯುವ ಜಿಂಕ್ ಪ್ಲೇಟಿಂಗ್ ಇರುವ ಸಾಮಾನ್ಯ ಸ್ಕ್ರೂ ಮೇಲೆ ಸತು ಇರುವುದು ಸುಮಾರು 5ರಿಂದ 8 ಮೈಕ್ರಾನ್. ಸಿ3 ಗಾಳಿಯಲ್ಲಿ 8 ಮೈಕ್ರಾನ್ ಪದರ ಮುಗಿಯಲು 4ರಿಂದ 11 ವರ್ಷ ಬೇಕು. ಕಡಲ ಉಪ್ಪು ಬಡಿಯುವ ಸಿ5ರಲ್ಲಿ ಅದು ಒಂದೆರಡು ವರ್ಷಕ್ಕೇ ಖಾಲಿ. ಕರಗಿದ ಸತುವಿನಲ್ಲಿ ಅದ್ದಿ ತೆಗೆದ ಹಾಟ್ ಡಿಪ್ ಗ್ಯಾಲ್ವನೈಸ್ಡ್ ಬೋಲ್ಟಿನ ಮೇಲೆ ಸಾಮಾನ್ಯವಾಗಿ 45 ಮೈಕ್ರಾನ್ ಆಸುಪಾಸು ಇರುತ್ತದೆ, ಅಂದರೆ ಐದಾರು ಪಟ್ಟು ಆಯಸ್ಸು. ಇಷ್ಟೂ ಬೇರೆ ಲೋಹದ ಸಂಗ ಇಲ್ಲದಾಗಿನ ಲೆಕ್ಕ. ಸಂಗ ಸೇರಿದರೆ ಇನ್ನೂ ಬೇಗ ಮುಗಿಯುತ್ತದೆ.

ಉಪ್ಪಿನ ವಿಷಯದಲ್ಲಿ ಬಹಳ ಜನ ಮರೆಯುವುದು ಒಂದಿದೆ. ಮಳೆ ಇಲ್ಲದ ದಿನವೂ ಉಪ್ಪು ಗಾಳಿಯಿಂದ ನೀರು ಹೀರಿಕೊಳ್ಳುತ್ತದೆ. ಅಡುಗೆ ಉಪ್ಪು ಸುಮಾರು ಶೇ. 75ರ ಆರ್ದ್ರತೆಯಲ್ಲಿ ನೀರಾಗುತ್ತದೆ. ಕಡಲ ಉಪ್ಪಿನಲ್ಲಿರುವ ಮೆಗ್ನೀಸಿಯಂ ಕ್ಲೋರೈಡಿಗೆ ಶೇ. 33ರ ಹತ್ತಿರವೇ ಸಾಕು. ಅದಕ್ಕೇ ಕಡಲಂಚಿನಲ್ಲಿ ಕಣ್ಣಿಗೆ ಒಣಗಿದಂತೆ ಕಾಣುವ ಜೋಡಣೆಯೂ ಒಳಗೆ ಒದ್ದೆಯೇ. ಮಳೆ ತೊಳೆಯದ, ಸೂರಿನ ಕೆಳಗಿನ ಜಾಗಗಳು ಬಯಲಿಗಿಂತ ಬೇಗ ಕೆಡುವುದೂ ಇದೇ ಕಾರಣಕ್ಕೆ.

ಹಂತ 2: ಇರುವ ಲೋಹಗಳನ್ನೆಲ್ಲ ಪಟ್ಟಿ ಮಾಡಿ, ಅಡಗಿರುವುದನ್ನೂ ಸೇರಿಸಿ

ಶೀಟು, ಚೌಕಟ್ಟು, ಬೋಲ್ಟು ಎಂದು ಬರೆದು ನಿಲ್ಲಿಸಬೇಡಿ. ಬೋಲ್ಟಿನ ಮೇಲಿನ ಲೇಪನ, ವಾಷರಿನ ಲೋಹ, ನಟ್ಟಿನ ಲೋಹ ಬೇರೆ ಬೇರೆ ಇರಬಹುದು. ಪಾಪ್ ರಿವೆಟ್ ಅಲ್ಯೂಮಿನಿಯಂದಾದರೂ ಅದರೊಳಗಿನ ಕಡ್ಡಿ ಬಹುಪಾಲು ಉಕ್ಕಿನದು. ಕಡ್ಡಿಯ ತುಂಡು ಒಳಗೇ ಉಳಿದು ತುಕ್ಕು ಹಿಡಿಯುತ್ತದೆ. ಹೊರಾಂಗಣಕ್ಕೆ ಕಡ್ಡಿಯೂ ಅಲ್ಯೂಮಿನಿಯಂ ಆಗಿರುವ ರಿವೆಟ್ ಕೇಳಿ ತನ್ನಿ.

ಹುಳು ಹಿಡಿಯದಂತೆ ಸಂಸ್ಕರಿಸಿದ ಮರದಲ್ಲಿ ಹಲವು ಬಾರಿ ತಾಮ್ರದ ಲವಣ ಇರುತ್ತದೆ. ಮರ ಒದ್ದೆಯಾದಾಗ ಅದು ಸತು ಮತ್ತು ಅಲ್ಯೂಮಿನಿಯಂ ಎರಡನ್ನೂ ತಿನ್ನುತ್ತದೆ. ಕಾರ್ಬನ್ ಫೈಬರ್ ಕೂಡ ಇಲ್ಲಿ ಲೋಹದ ಲೆಕ್ಕವೇ, ಅದೂ ಎಲ್ಲ ಲೋಹಗಳಿಗಿಂತ ಗಟ್ಟಿಯಾಗಿ ಉಳಿಯುವ ಕಡೆಯದು. ಪೆನ್ಸಿಲಿನ ಸೀಸದಲ್ಲಿರುವ ಗ್ರಾಫೈಟ್ ಸಹ ಹಾಗೆಯೇ. ಅಲ್ಯೂಮಿನಿಯಂ ಮೇಲೆ ತೂತಿನ ಗುರುತನ್ನು ಪೆನ್ಸಿಲಿನಲ್ಲಿ ಹಾಕಬೇಡಿ, ಮಾರ್ಕರ್ ಬಳಸಿ.

ಸ್ಟೇನ್‌ಲೆಸ್ ಎಂದು ಕೊಟ್ಟದ್ದು ನಿಜವಾಗಿ ಸ್ಟೇನ್‌ಲೆಸ್ಸೇ ಎಂದು ತಿಳಿಯಲು ಬೋಲ್ಟಿನ ತಲೆ ನೋಡಿ. ಎ2-70 ಎಂಬ ಗುರುತಿದ್ದರೆ 304 ಎಂಬ ಮಾಮೂಲಿ ಸ್ಟೇನ್‌ಲೆಸ್ ದರ್ಜೆಯ ವರ್ಗ, ಎ4-80 ಇದ್ದರೆ ಉಪ್ಪನ್ನು ಇನ್ನೂ ಚೆನ್ನಾಗಿ ತಾಳುವ 316ರ ವರ್ಗ. ಅಯಸ್ಕಾಂತವೊಂದನ್ನೇ ನಂಬಬೇಡಿ. ತಣ್ಣಗೇ ಒತ್ತಿ ರೂಪಿಸಿದ 304 ಬೋಲ್ಟು ಸ್ವಲ್ಪ ಅಂಟಿಕೊಳ್ಳುತ್ತದೆ. ಗಟ್ಟಿಯಾಗಿ ಎಳೆದರೆ ಮಾತ್ರ ಅನುಮಾನಿಸಿ: ಅದು ಪ್ಲೇಟಿಂಗ್ ಮಾಡಿದ ಉಕ್ಕು ಅಥವಾ 410 ದರ್ಜೆಯ ಸ್ಟೇನ್‌ಲೆಸ್ ಇರಬಹುದು.

ಹಂತ 3: ಯಾವುದು ಸವೆಯುತ್ತದೆ ಎಂದು ಗುರುತಿಸಿ

ಮೊದಲು ಸವೆಯುವುದರಿಂದ ಕೊನೆಗೆ ಉಳಿಯುವುದರವರೆಗೆ ಸಾಲು ಹೀಗಿದೆ: ಮೆಗ್ನೀಸಿಯಂ, ಸತು, ಅಲ್ಯೂಮಿನಿಯಂ, ಸಾದಾ ಉಕ್ಕು, ಹಿತ್ತಾಳೆ, ತಾಮ್ರ, ಕಂಚು, ಸ್ಟೇನ್‌ಲೆಸ್ 304 ಮತ್ತು 316, ಟೈಟಾನಿಯಂ, ಗ್ರಾಫೈಟ್. ಸಮುದ್ರದ ನೀರಿನಲ್ಲಿ ಅಳೆದಾಗ ಸತು ಮೈನಸ್ 1.0 ವೋಲ್ಟ್ ಹತ್ತಿರ, ಅಲ್ಯೂಮಿನಿಯಂ ಮೈನಸ್ 0.75, ಉಕ್ಕು ಮೈನಸ್ 0.6, ತಾಮ್ರ ಮೈನಸ್ 0.35, ಸ್ಟೇನ್‌ಲೆಸ್ ಮೈನಸ್ 0.1 ಆಸುಪಾಸಿನಲ್ಲಿರುತ್ತವೆ.

ರೂಢಿಯ ಮಿತಿ ಇದು: ಉಪ್ಪು, ಮಳೆ ಇರುವ ಕಡೆ ಎರಡು ಲೋಹಗಳ ನಡುವಿನ ಅಂತರ 0.15 ವೋಲ್ಟ್ ಮೀರಬಾರದು. ಸಾಮಾನ್ಯ ಒಳಾಂಗಣದಲ್ಲಿ 0.25, ತಾಪ ಮತ್ತು ತೇವ ಹತೋಟಿಯಲ್ಲಿರುವ ಕೋಣೆಯಲ್ಲಿ 0.50. ಮಿತಿ ಮೀರಿದರೆ ಲೋಹ ಬದಲಿಸಿ, ಇಲ್ಲವೇ ಬೇರ್ಪಡಿಸಿ.

ವೋಲ್ಟ್ ಅಂತರ ಹೇಳುವುದು ಯಾವ ಕಡೆ ಸವೆಯುತ್ತದೆ ಎಂಬುದನ್ನು. ಎಷ್ಟು ಬೇಗ ಎಂಬುದನ್ನು ಅದು ಹೇಳುವುದಿಲ್ಲ. ಅಂತರದ ಪಟ್ಟಿಯನ್ನಷ್ಟೇ ಓದಿ ಬೋಲ್ಟು ತರುವವರು ಎಡವುವುದು ಇಲ್ಲೇ. ವೇಗ ತೀರ್ಮಾನವಾಗುವುದು ಮುಂದಿನ ಹಂತದಲ್ಲಿ.

ಹಂತ 4: ಮೈಯ ವಿಸ್ತೀರ್ಣ ಲೆಕ್ಕ ಹಾಕಿ

ಇಡೀ ಕೆಲಸದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಹಂತ ಇದು. ಜನ ಬಿಟ್ಟುಬಿಡುವುದೂ ಇದನ್ನೇ.

ಉಕ್ಕಿನ ತಗಡಿಗೆ ತಾಮ್ರದ ರಿವೆಟ್ ಹಾಕಿ, ತಾಮ್ರದ ತಗಡಿಗೆ ಉಕ್ಕಿನ ರಿವೆಟ್ ಹಾಕಿ. ಎರಡೂ ಕಡೆ ಲೋಹ ಅವೇ, ವೋಲ್ಟ್ ಅಂತರವೂ ಅದೇ. ಮೊದಲನೆಯದರಲ್ಲಿ ಸವೆತ ದೊಡ್ಡ ತಗಡಿನ ಮೇಲೆ ಹಂಚಿಹೋಗಿ ನಿಧಾನವಾಗಿ ನಡೆಯುತ್ತದೆ. ಎರಡನೆಯದರಲ್ಲಿ ಇಡೀ ತಗಡಿನ ಒತ್ತಡ ಪುಟ್ಟ ರಿವೆಟ್ ಮೇಲೆ ಬಿದ್ದು ಅದು ಮಾಯವಾಗುತ್ತದೆ. ಸವೆಯುವ ಲೋಹ ಚಿಕ್ಕದು, ಉಳಿಯುವ ಲೋಹ ದೊಡ್ಡದು ಆದಾಗ ಅಪಾಯ ಹೆಚ್ಚು.

ಅಂಕಿಯಲ್ಲಿ ನೋಡಿ. ಎಂ8 ಬೋಲ್ಟಿನ (8 ಮಿಲಿಮೀಟರ್ ವ್ಯಾಸದ್ದು) ಷಟ್ಕೋನದ ತಲೆ ಒಂದು ಬದಿಯಿಂದ ಎದುರು ಬದಿಗೆ 13 ಮಿಲಿಮೀಟರ್, ಅಂದರೆ ಅದರ ಮೇಲ್ಮೈ ಸುಮಾರು ಒಂದೂವರೆ ಚದರ ಸೆಂಟಿಮೀಟರ್. ಒಂದು ಚದರ ಮೀಟರ್ ತಗಡಿಗೆ ನಾಲ್ಕು ಬೋಲ್ಟು ಇದ್ದರೆ ತಲೆಗಳೆಲ್ಲ ಸೇರಿ 6 ಚದರ ಸೆಂಟಿಮೀಟರ್, ತಗಡು 10,000. ತಗಡು ಸ್ಟೇನ್‌ಲೆಸ್, ಬೋಲ್ಟು ಗ್ಯಾಲ್ವನೈಸ್ಡ್ ಆದರೆ ಆ 6 ಚದರ ಸೆಂಟಿಮೀಟರಿನ ಸತು ಇಡೀ ತಗಡಿನ ಹೊರೆ ಹೊರಬೇಕು. ತಗಡು ಅಲ್ಯೂಮಿನಿಯಂ, ಬೋಲ್ಟು ಸ್ಟೇನ್‌ಲೆಸ್ ಆದರೆ ಹೊರೆ ಹಗುರ. ವೋಲ್ಟ್ ಅಂತರ ದೊಡ್ಡದಿದ್ದರೂ ಒಳನಾಡಿನಲ್ಲಿ ಅಲ್ಯೂಮಿನಿಯಂಗೆ ಸ್ಟೇನ್‌ಲೆಸ್ ಸ್ಕ್ರೂ ಬಾಳಿಕೆ ಬರುವುದು ಇದರಿಂದಲೇ.

ಈ ಲೆಕ್ಕಕ್ಕೆ ಒಂದು ತಿದ್ದುಪಡಿ ಇದೆ. ನೀರಿನಲ್ಲಿ ಮುಳುಗಿರುವ ಜೋಡಣೆಗೆ ಇಡೀ ವಿಸ್ತೀರ್ಣ ಲೆಕ್ಕಕ್ಕೆ ಬರುತ್ತದೆ. ಮಳೆಯ ತೆಳು ಪದರ ಮಾತ್ರ ಇರುವ ಕಡೆ ಪರಿಣಾಮ ಬೋಲ್ಟಿನ ಸುತ್ತ ಕೆಲವೇ ಮಿಲಿಮೀಟರಿನಲ್ಲಿ ಒಟ್ಟುಗೂಡುತ್ತದೆ. ಹಾಗಾಗಿ ಶೀಟು ದೊಡ್ಡದಿದೆ ಎಂದು ನೆಮ್ಮದಿಯಾಗಿ ಕೂರುವಂತಿಲ್ಲ. ತಲೆಯ ಅಂಚಿನಲ್ಲೇ ಉಂಗುರದಂತೆ ಶೀಟು ತೆಳುವಾಗುತ್ತದೆ, ಉಪ್ಪಿನ ಗಾಳಿಯಲ್ಲಿ ಇನ್ನೂ ಬೇಗ.

ನಿಯಮ ಇಷ್ಟೇ: ಜೋಡಿಸುವ ವಸ್ತು ಜೋಡಿಸಲ್ಪಡುವುದಕ್ಕೆ ಸಮನಾಗಿರಬೇಕು, ಇಲ್ಲವೇ ಅದಕ್ಕಿಂತ ಉಳಿಯುವ ಕಡೆಯದಾಗಿರಬೇಕು. ಕೆಳದರ್ಜೆಯ ಬೋಲ್ಟು ಎಂದೂ ಬೇಡ.

ಹಂತ 5: ಈಗ ಬೋಲ್ಟು ಆರಿಸಿ

ಗ್ಯಾಲ್ವನೈಸ್ಡ್ ಶೀಟು, ಆ್ಯಂಗಲ್‌ಗಳಿಗೆ ಹಾಟ್ ಡಿಪ್ ಬೋಲ್ಟು. ಪ್ಲೇಟಿಂಗ್ ಮಾಡಿದ್ದು ನೋಡಲು ಚೆನ್ನಾಗಿದ್ದರೂ ಹೊರಾಂಗಣಕ್ಕೆ ಸಾಲದು. ಹಾಟ್ ಡಿಪ್ ಬೋಲ್ಟಿಗೆ ಅದರದ್ದೇ ನಟ್ಟು ಬೇಕು, ಏಕೆಂದರೆ ಸತುವಿನ ದಪ್ಪಕ್ಕೆ ಹೊಂದುವಂತೆ ನಟ್ಟಿನ ಥ್ರೆಡ್ ಸ್ವಲ್ಪ ಅಗಲವಾಗಿ ಕೊರೆದಿರುತ್ತಾರೆ. ಮಾಮೂಲಿ ನಟ್ಟು ಏರುವುದಿಲ್ಲ ಎಂದು ಬೋಲ್ಟಿನ ಥ್ರೆಡ್ಡನ್ನು ಡೈ ಹಾಕಿ ಕೊರೆದರೆ ಸತುವೆಲ್ಲ ಹೋಗಿ ಬರೀ ಉಕ್ಕು ಉಳಿಯುತ್ತದೆ.

ಅಲ್ಯೂಮಿನಿಯಂಗೆ ಒಳನಾಡಿನಲ್ಲಿ 304, ಕಡಲ ಬಳಿ 316 ಮತ್ತು ಜೊತೆಗೆ ಬೇರ್ಪಡಿಕೆ. ತೆಳು ಶೀಟುಗಳಿಗೆ ಅಲ್ಯೂಮಿನಿಯಂ ರಿವೆಟ್ಟೇ ಸರಿ. ಹಿತ್ತಾಳೆ, ತಾಮ್ರ, ಲೇಪನವಿಲ್ಲದ ಉಕ್ಕು ಹತ್ತಿರಕ್ಕೂ ಬೇಡ.

ತಾಮ್ರದ ತಗಡಿಗೆ ತಾಮ್ರ, ಕಂಚು ಅಥವಾ ಸ್ಟೇನ್‌ಲೆಸ್. ಸ್ಟೇನ್‌ಲೆಸ್ ತಗಡಿಗೆ ಸ್ಟೇನ್‌ಲೆಸ್ ಮಾತ್ರ. ಸಂಸ್ಕರಿಸಿದ ಮರಕ್ಕೆ ಹಾಟ್ ಡಿಪ್ ಅಥವಾ ಸ್ಟೇನ್‌ಲೆಸ್.

ತಾನೇ ತೂತು ಕೊರೆದುಕೊಳ್ಳುವ ಸ್ಕ್ರೂಗಳ ಬಗ್ಗೆ ಎಚ್ಚರ. ಅವುಗಳಲ್ಲಿ ಹಲವು 410 ದರ್ಜೆಯವು. ಗಡಸು ಹೆಚ್ಚು, ತುಕ್ಕು ತಡೆಯುವ ಶಕ್ತಿ ಕಡಿಮೆ. ಒದ್ದೆ ಅಲ್ಯೂಮಿನಿಯಂನಲ್ಲಿ ಹೈಡ್ರೋಜನ್ ಒಳನುಗ್ಗಿ ಇವು ಸದ್ದಿಲ್ಲದೆ ಮುರಿಯುತ್ತವೆ, ತಲೆ ಹಾರಿಹೋಗುತ್ತದೆ. ಮೈ 304ದು, ಕೊರೆಯುವ ತುದಿ ಮಾತ್ರ ಗಡಸು ಉಕ್ಕಿನದು ಇರುವ ಬೈಮೆಟಲ್ ಸ್ಕ್ರೂ ಇದಕ್ಕೆ ಸರಿಯಾದ ಬದಲಿ. 10.9 ಮತ್ತು ಅದಕ್ಕಿಂತ ಮೇಲಿನ ಬಲದ ದರ್ಜೆಯ ಉಕ್ಕಿನ ಬೋಲ್ಟುಗಳನ್ನು ಪ್ಲೇಟಿಂಗ್ ಮಾಡಿಸುವಾಗಲೂ ಇದೇ ಹೈಡ್ರೋಜನ್ ಅಪಾಯವಿದೆ. ಪ್ಲೇಟಿಂಗ್ ಆದ ಕೂಡಲೇ 190ರಿಂದ 220 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಂಟೆಗಟ್ಟಲೆ ಕಾಯಿಸಿದ್ದಾರೆಯೇ ಎಂದು ಕೇಳದೆ ಕೊಳ್ಳಬೇಡಿ.

ಹಂತ 6: ಸಂಪರ್ಕ ತಪ್ಪಿಸಿ

ತಲೆಯ ಕೆಳಗೆ ರಬ್ಬರ್ ವಾಷರ್ ಹಾಕಿದರೆ ಆಯಿತು ಎಂಬುದು ಅತಿ ದೊಡ್ಡ ತಪ್ಪು ತಿಳಿವಳಿಕೆ. ವಾಷರ್ ತಲೆಯನ್ನು ಬೇರ್ಪಡಿಸುತ್ತದೆ, ಆದರೆ ಬೋಲ್ಟಿನ ಮೈ ತೂತಿನ ಒಳಗೋಡೆಗೆ ತಾಗಿಯೇ ಇರುತ್ತದೆ. ಜೊತೆಗೆ ಕಪ್ಪು ರಬ್ಬರಿನಲ್ಲಿ ಇಂಗಾಲದ ಪುಡಿ ಹೆಚ್ಚಿದ್ದರೆ ವಾಷರಿನಲ್ಲೇ ವಿದ್ಯುತ್ ಹರಿಯಬಹುದು. ಮಾಡಿನ ಸ್ಕ್ರೂಗಳ ರಬ್ಬರ್ ವಾಷರ್ ಇರುವುದು ನೀರು ಸೋರದಿರಲಿ ಎಂದು, ಲೋಹಗಳನ್ನು ಬೇರ್ಪಡಿಸಲು ಅಲ್ಲ.

ಪೂರ್ತಿ ಬೇರ್ಪಡಿಕೆಗೆ ನಾಲ್ಕು ಭಾಗ ಬೇಕು: ಎರಡು ಲೋಹಗಳ ನಡುವೆ ಒಂದು ಹಾಳೆ, ಬೋಲ್ಟಿನ ಮೈಗೆ ಸ್ಲೀವ್, ತಲೆಯ ಕೆಳಗೊಂದು ವಾಷರ್, ನಟ್ಟಿನ ಕೆಳಗೊಂದು ವಾಷರ್. ಎಂ8 ಬೋಲ್ಟಿಗೆ ಹೊರವ್ಯಾಸ 10 ಮಿಲಿಮೀಟರಿನ ಸ್ಲೀವ್ ಆದರೆ ತೂತು 10.5 ಇರಲಿ. ಸ್ಲೀವಿನ ಉದ್ದ ಅದು ಹಾದುಹೋಗುವ ಒಟ್ಟು ದಪ್ಪಕ್ಕಿಂತ ಅರ್ಧ ಮಿಲಿಮೀಟರ್ ಕಡಿಮೆಯೇ ಇರಬೇಕು. ಉದ್ದವಾದರೆ ಬಿಗಿಯುವ ಬಲವೆಲ್ಲ ಸ್ಲೀವ್ ಮೇಲೆ ಬಿದ್ದು ಅದು ಸೀಳುತ್ತದೆ, ಶೀಟು ಸಡಿಲವೇ ಉಳಿಯುತ್ತದೆ. ಬೇರ್ಪಡಿಸುವ ವಾಷರ್ ಮೇಲೆ ಲೋಹದ ವಾಷರ್ ಇಡಿ. ಬೇರ್ಪಡಿಸುವುದು ಎಲ್ಲ ಕಡೆ ಲೋಹದ ವಾಷರಿಗಿಂತ ಒಂದೆರಡು ಮಿಲಿಮೀಟರ್ ಆಚೆ ಚಾಚಿರಲಿ, ಇಲ್ಲದಿದ್ದರೆ ಅಂಚಿನಲ್ಲಿ ನಿಂತ ಒಂದೇ ಹನಿ ಎರಡನ್ನೂ ಸೇರಿಸುತ್ತದೆ.

ಬೋಲ್ಟನ್ನು ಎರಡೂ ಲೋಹಗಳಿಂದ ಬೇರ್ಪಡಿಸಬೇಕಿಲ್ಲ. ಉಕ್ಕಿನ ಚೌಕಟ್ಟಿಗೆ ಅಲ್ಯೂಮಿನಿಯಂ ಪಟ್ಟಿಯನ್ನು ಗ್ಯಾಲ್ವನೈಸ್ಡ್ ಬೋಲ್ಟಿನಿಂದ ಕೂರಿಸುವಾಗ ಬೋಲ್ಟು ಉಕ್ಕಿಗೆ ತಾಗಿದರೆ ಚಿಂತೆಯಿಲ್ಲ. ಅಲ್ಯೂಮಿನಿಯಂ ಮಾತ್ರ ಬೋಲ್ಟು, ಚೌಕಟ್ಟು ಎರಡಕ್ಕೂ ತಾಗಬಾರದು.

ನೈಲಾನ್ ಅಗ್ಗ, ಸುಲಭ, ಆದರೆ ನೀರು ಹೀರುತ್ತದೆ. ಭಾರ ಹೊರುವ ಕಡೆ ಫೈಬರ್‌ಗ್ಲಾಸ್ ಎಪಾಕ್ಸಿ ವಾಷರ್ ಒಳ್ಳೆಯದು. ಕಟ್ಟಡದ ಮುಖ್ಯ ಭಾರ ಹೊರುವ, ಘರ್ಷಣೆಯ ಬಲದಲ್ಲೇ ನಿಲ್ಲುವ ಜೋಡಣೆಗಳಿಗೆ ಪ್ಲಾಸ್ಟಿಕ್ ವಾಷರ್ ಹಾಕಲೇಬೇಡಿ. ಕಾಲಕ್ರಮೇಣ ಅದು ಅಮುಕಿಹೋಗಿ ಬೋಲ್ಟಿನ ಬಿಗಿ ಇಳಿಯುತ್ತದೆ. ಅಲ್ಲಿ ಸ್ಟ್ರಕ್ಚರಲ್ ಎಂಜಿನಿಯರ್ ಹೇಳಿದಂತೆ ಲೋಹವನ್ನೇ ಬದಲಿಸಬೇಕು. ಅರ್ಥಿಂಗ್ ಅಥವಾ ಸಿಡಿಲು ರಕ್ಷಣೆಯ ಸಂಪರ್ಕವಿರುವ ಭಾಗಗಳನ್ನೂ ಎಲೆಕ್ಟ್ರಿಷಿಯನ್ ಒಪ್ಪಿಗೆ ಇಲ್ಲದೆ ಬೇರ್ಪಡಿಸಬೇಡಿ.

ಬಿಗಿದ ಮೇಲೆ ಮಲ್ಟಿಮೀಟರಿನಿಂದ ಪರೀಕ್ಷಿಸಿ. ಬೀಪ್ ಬರುವ ಸ್ಥಾನದಲ್ಲಿಟ್ಟು, ಬೀಪ್ ಬರಲಿಲ್ಲ ಎಂದು ಬಿಟ್ಟರೆ ಸಾಲದು. ಆ ಸದ್ದು ಬರುವುದು ಪ್ರತಿರೋಧ ಕೆಲವು ಹತ್ತು ಓಮ್‌ಗಳಿಗಿಂತ ಕಡಿಮೆ ಇದ್ದಾಗ ಮಾತ್ರ. ಪ್ರತಿರೋಧ ಅಳೆಯುವ ಅತಿ ಹೆಚ್ಚಿನ ಶ್ರೇಣಿಗೆ ತಿರುಗಿಸಿ, ಒಣಗಿದ ಜೋಡಣೆಯ ಮೇಲೆ ಒಂದು ಕಡ್ಡಿ ಬೋಲ್ಟಿಗೆ, ಇನ್ನೊಂದು ಶೀಟಿನ ಪೇಂಟ್ ಇಲ್ಲದ ಜಾಗಕ್ಕೆ ಒತ್ತಿ. ಮೆಗಾಓಮ್‌ಗಳಲ್ಲಿ ಅಥವಾ ತೆರೆದ ಸರ್ಕ್ಯೂಟ್ ಎಂದು ತೋರಿಸಬೇಕು. ಒಂದೊಂದು ಬೋಲ್ಟು ಬಿಗಿದ ಹಾಗೇ ಅಳೆಯಿರಿ. ಹತ್ತೂ ಬಿಗಿದ ಮೇಲೆ ಅಳೆದರೆ ಯಾವುದು ತಾಗಿದೆ ಎಂದು ಹುಡುಕಲು ಎಲ್ಲವನ್ನೂ ಬಿಚ್ಚಬೇಕಾಗುತ್ತದೆ.

ಹಂತ 7: ಪೇಂಟ್ ಮತ್ತು ಸೀಲಂಟ್

ಸವೆಯುವ ಲೋಹಕ್ಕೆ ಮಾತ್ರ ಪೇಂಟ್ ಹೊಡೆಯುವುದು ಸಹಜವಾಗಿ ತೋರುವ ಕೆಲಸ, ಆದರೆ ತಪ್ಪು. ಪೇಂಟಿನಲ್ಲಿ ಸೂಜಿಮೊನೆಯಷ್ಟು ಗೀರು ಬಿದ್ದರೂ ಸವೆತವೆಲ್ಲ ಆ ಚುಕ್ಕೆಗೇ ನುಗ್ಗಿ ಶೀಟನ್ನು ತೂತು ಮಾಡುತ್ತದೆ. ಹಂತ 4ರ ವಿಸ್ತೀರ್ಣದ ಲೆಕ್ಕವೇ ಇಲ್ಲೂ ನಡೆಯುವುದು. ಎರಡಕ್ಕೂ ಹೊಡೆಯಿರಿ. ಒಂದಕ್ಕೇ ಆಗುವುದಾದರೆ ಉಳಿಯುವ ಲೋಹಕ್ಕೆ ಹೊಡೆಯಿರಿ.

ಸೀಲಂಟಿನಲ್ಲಿ ವಿನೆಗರ್ ವಾಸನೆ ಬಂದರೆ ಬೇಡ. ಅದು ಗಟ್ಟಿಯಾಗುವಾಗ ಬಿಡುವ ಅಸಿಟಿಕ್ ಆಮ್ಲ ಸತು, ತಾಮ್ರ ಎರಡನ್ನೂ ಕೊರೆಯುತ್ತದೆ. ನ್ಯೂಟ್ರಲ್ ಕ್ಯೂರ್ ಬಳಸಿ, ಕೆಳ ಅಂಚನ್ನು ನೀರು ಇಳಿಯಲು ಬಿಟ್ಟು ಉಳಿದ ಮೂರು ಬದಿ ಮುಚ್ಚಿ.

ಸ್ಟೇನ್‌ಲೆಸ್ ನಟ್ಟು ಸ್ಟೇನ್‌ಲೆಸ್ ಬೋಲ್ಟಿನ ಮೇಲೆ ಕಚ್ಚಿಕೊಳ್ಳದಂತೆ ಪೇಸ್ಟ್ ಹಚ್ಚುವುದು ಸರಿ. ಅಲ್ಯೂಮಿನಿಯಂ ಹತ್ತಿರ ತಾಮ್ರ ಅಥವಾ ಗ್ರಾಫೈಟ್ ಇರುವ ಪೇಸ್ಟ್ ಮಾತ್ರ ಬೇಡ.

ಹಂತ 8: ಕೂರಿಸುವಾಗ

ಉಕ್ಕಿನ ಬ್ರಷ್‌ನಿಂದ ಸ್ಟೇನ್‌ಲೆಸ್ ಅಥವಾ ಅಲ್ಯೂಮಿನಿಯಂ ಉಜ್ಜಬೇಡಿ, ಕಬ್ಬಿಣದ ಕಣ ಅಂಟಿ ಅಲ್ಲೇ ತುಕ್ಕು ಶುರುವಾಗುತ್ತದೆ. ಗ್ರೈಂಡರ್ ಕಿಡಿಗಳೂ ಅಷ್ಟೇ. ಕೊರೆದ ಪುಡಿಯನ್ನು ಆ ದಿನವೇ ಗುಡಿಸಿ ತೆಗೆಯಿರಿ. ಹಸಿ ಸಿಮೆಂಟಿನ ಕ್ಷಾರ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ, ಗಾರೆ ಸಿಡಿಯುವ ಕಡೆ ಮೊದಲೇ ಟೇಪ್ ಹಚ್ಚಿ.

ನೀರು ಹರಿಯುವ ದಿಕ್ಕನ್ನೂ ನೋಡಿ. ತಾಮ್ರದ ಮಾಡಿನಿಂದ ಇಳಿದ ನೀರು ಕೆಳಗಿನ ಗ್ಯಾಲ್ವನೈಸ್ಡ್ ಮಳೆನೀರಿನ ದೋಣಿಗೆ ಬಿದ್ದರೆ, ಎರಡೂ ಒಂದಕ್ಕೊಂದು ತಾಗದಿದ್ದರೂ ದೋಣಿ ತೂತಾಗುತ್ತದೆ. ನೀರಿನಲ್ಲಿ ಕರಗಿ ಬಂದ ತಾಮ್ರ ಸತುವಿನ ಮೇಲೆ ಕೂರುವುದೇ ಇದಕ್ಕೆ ಕಾರಣ. ಸತು ಮೇಲೆ, ತಾಮ್ರ ಕೆಳಗೆ ಇದ್ದರೆ ಈ ತೊಂದರೆ ಇಲ್ಲ.

ಹಂತ 9: ಎಚ್ಚರಿಕೆಯ ಗುರುತುಗಳು

ಮೊದಲ ವರ್ಷ ಎರಡು ಬಾರಿ, ಆಮೇಲೆ ವರ್ಷಕ್ಕೊಮ್ಮೆ ನೋಡಿ. ಮಳೆಗಾಲ ಮುಗಿದ ಕೂಡಲೇ ನೋಡುವುದು ಒಳ್ಳೆಯದು.

ಸತುವಿನ ಮೇಲೆ ಬಿಳಿ ಪುಡಿ ಕಂಡರೆ ಪದರ ಖರ್ಚಾಗುತ್ತಿದೆ, ಇನ್ನೂ ಸಮಯವಿದೆ. ಕೆಂಪು ತುಕ್ಕು ಕಂಡರೆ ಪದರ ಮುಗಿದಿದೆ. ಬೋಲ್ಟಿನ ಸುತ್ತ ಪೇಂಟ್ ಗುಳ್ಳೆ ಎದ್ದಿದ್ದರೆ ಗುಳ್ಳೆಯನ್ನು ಚುಚ್ಚಿ ನೋಡಿ, ಕೆಳಗೆ ಬಿಳಿ ಪುಡಿ ಇದ್ದರೆ ಅಲ್ಯೂಮಿನಿಯಂ ಕರಗುತ್ತಿದೆ. ಪಟ್ಟಿಯ ಅಂಚು ಉಬ್ಬಿ ಮೇಲೆದ್ದಿದ್ದರೆ ಒಳಗೆ ಸವೆತದ ಪುಡಿ ತುಂಬಿ ಒತ್ತುತ್ತಿದೆ ಎಂದರ್ಥ. ಆಗ ಬೋಲ್ಟನ್ನು ಇನ್ನಷ್ಟು ಬಿಗಿದರೆ ಅದು ತುಂಡಾಗುತ್ತದೆ. ಯಾವ ಗುರುತೂ ಇಲ್ಲದೆ ತಲೆ ಉದುರಿದ್ದರೆ ಹೈಡ್ರೋಜನ್ ಬಿರುಕೆಂದು ಅನುಮಾನಿಸಿ, ಅದೇ ಪೆಟ್ಟಿಗೆಯ ಸ್ಕ್ರೂಗಳನ್ನೆಲ್ಲ ಬದಲಿಸಿ.

ಬದಲಿಸುವಾಗ ಹಳೆಯ ತೂತಿಗೆ ನೇರವಾಗಿ ಹೊಸ ಬೋಲ್ಟು ತುರುಕಬೇಡಿ. ಪುಡಿಯನ್ನು ನೈಲಾನ್ ಬ್ರಷ್‌ನಿಂದ ಉಜ್ಜಿ, ಸಿಹಿನೀರಿನಲ್ಲಿ ತೊಳೆದು ಉಪ್ಪು ತೆಗೆದು, ಪೂರ್ತಿ ಒಣಗಿಸಿ. ತೂತಿನ ಅಂಚಿನಲ್ಲಿ ಶೀಟಿನ ದಪ್ಪ ಅಳೆಯಿರಿ. ತೆಳುವಾಗಿದ್ದರೆ ಹೊಳೆಯುವ ಗಟ್ಟಿ ಲೋಹ ಸಿಗುವವರೆಗೆ ತೂತು ಅಗಲ ಮಾಡಿ, ಅದಕ್ಕೆ ಹೊಂದುವ ಸ್ಲೀವ್ ಮತ್ತು ಅಗಲದ ವಾಷರ್ ಹಾಕಿ. ಅಂಚಿಗೆ ಬೋಲ್ಟಿನ ವ್ಯಾಸದ ಎರಡರಷ್ಟಾದರೂ ಲೋಹ ಉಳಿಯದಿದ್ದರೆ ಆ ತೂತು ಬಿಟ್ಟು, ಪಕ್ಕದಲ್ಲಿ ಹೊಸದು ಕೊರೆಯಿರಿ.